ಸ್ಪಷ್ಟನೆ: ಮೆರಿಲಿನ್ ಮನ್ರೋ ಅವರ ಹಾರುವ ಬಿಳಿ ಉಡುಪು
‘ದಿ ಸೆವೆನ್ ಇಯರ್ ಇಚ್’ (1955) ಚಿತ್ರದಲ್ಲಿ ಮನ್ರೋ ಅವರ ಬಿಳಿ ಉಡುಪು ಗಾಳಿಗೆ ಉಬ್ಬುವ ದೃಶ್ಯ ಪೂರ್ತಿಯಾಗಿ ನ್ಯೂಯಾರ್ಕಿನ ಬೀದಿಯಲ್ಲೇ ತೆಗೆದದ್ದು ಎಂಬ ಸಂದೇಶ ಹರಿದಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಹಂಚಿದ್ದೆ. ಅದು ತಪ್ಪು.

1954ರ ಸೆಪ್ಟೆಂಬರ್‌ನಲ್ಲಿ, ನಡುರಾತ್ರಿ ಕಳೆದ ಮೇಲೆ, ಲೆಕ್ಸಿಂಗ್ಟನ್ ಅವೆನ್ಯೂವಿನಲ್ಲಿ ಚಿತ್ರೀಕರಣ ನಡೆದದ್ದು ನಿಜ. ಕೆಳಗಿನ ಸುರಂಗ ರೈಲಿನ ಗಾಳಿ ಹೊರಬರುವ ಜಾಲರಿಯ ಮೇಲೆ ನಟಿ, ಸುತ್ತಲೂ ಶಿಳ್ಳೆ ಹೊಡೆಯುವ ಜನ! ಆ ಗದ್ದಲದಿಂದಾಗಿ ನಿರ್ದೇಶಕ ಬಿಲ್ಲಿ ವೈಲ್ಡರ್ ಲಾಸ್ ಏಂಜಲೀಸ್‌ನ ಸ್ಟುಡಿಯೊದಲ್ಲಿ ದೃಶ್ಯವನ್ನು ಮತ್ತೆ ತೆಗೆದರು. ನಾವು ಗೋಡೆಗೆ ಅಂಟಿಸಿಕೊಂಡ, ಅಡಿಯಿಂದ ಮುಡಿಯವರೆಗಿನ ಆ ತುಂಟ ನೋಟ ಬೀದಿಯಲ್ಲಿ ತೆಗೆದ ಪ್ರಚಾರದ ಛಾಯಾಚಿತ್ರ. ಸಿನಿಮಾದಲ್ಲಿ ಅದು ಇಲ್ಲವೇ ಇಲ್ಲ. ಕಾಲುಗಳು ಒಮ್ಮೆ, ಮುಖ ಒಮ್ಮೆ, ಅಷ್ಟೆ. ಅನುಮಾನವಿದ್ದವರು ಚಿತ್ರ ಹಾಕಿ ನೋಡಬಹುದು.

ಹಳೆಯ ಸಂದೇಶ ನಿಮ್ಮಲ್ಲಿದ್ದರೆ ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.