ಸೆಲ್ಫಿ ಬಂದರೆ ಸೇಫ್ಟಿ ಬಂದಂಗೆ

ರಾತ್ರಿ ಎರಡರ ಹೊತ್ತಿಗೆ ಮಂಡ್ಯದ ಯಾವುದಾದರೂ ಎಟಿಎಂ ಮುಂದೆ ನಿಂತು ನೋಡಿ. ಒಳಗೆ ಮೆಷಿನ್‌ಗೆ ಎ.ಸಿ., ಹೊರಗೆ ಗಾರ್ಡಣ್ಣನಿಗೆ ಸೊಳ್ಳೆ. ಮೆಷಿನ್ ಅಲುಗಾಡಿಸಿದರೆ ಅಲಾರಂ ಹೊಡ್ಕೊಳ್ಳುತ್ತೆ. ಗಾರ್ಡಣ್ಣನನ್ನು ಅಲುಗಾಡಿಸಿದರೆ ಅವನೇ ಊದ್ಕೋಬೇಕು. ಅದಕ್ಕೇಂತ ಒಂದು ವಿಷಲ್ ಕೊಟ್ಟಿದ್ದಾರೆ.

ಹಾಗಂತ ಏಜೆನ್ಸಿಯವರಿಗೆ ಕಾಳಜಿ ಇಲ್ಲ ಅನ್ನಬೇಡಿ. ಗಂಟೆಗೊಂದು ಸೆಲ್ಫಿ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕಂತೆ. ಒಂಟಿಯಾಗಿ ದುಡಿಯುವವನ ಯೋಗಕ್ಷೇಮ ಗಂಟೆಗೊಮ್ಮೆ ವಿಚಾರಿಸೋದು ಸಾಮಾನ್ಯವಾ? ಫೋಟೋ ಬರದಿದ್ರೆ ಏನ್ಮಾಡ್ತೀರಿ ಅಂತ ಸೂಪರ್‌ವೈಸರ್‌ನ ಕೇಳಿದೆ.

'ಅರ್ಧ ದಿನದ ಸಂಬಳ ಕಟ್ ಸಾರ್.'

'ಹೋಗಿ ನೋಡಲ್ವಾ?'

'ಪಾಂಡವಪುರದಿಂದ ಮದ್ದೂರು ತನಕ ನಾನೊಬ್ನೇ ಸಾರ್. ಎಲ್ಲಿ ಅಂತ ಹೋಗ್ಲಿ?'

ಪಾಪ, ಅವನೂ ಒಂಟಿಯೇ.

2013ರ ನವೆಂಬರ್‌ನಲ್ಲಿ ಬೆಂಗಳೂರಿನ ಎಟಿಎಂ ಒಂದರೊಳಗೆ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆ ಆಯ್ತು. ಗಾರ್ಡ್ ಇಲ್ಲದಿದ್ದರೆ ಎಟಿಎಂ ಬಾಗಿಲು ಹಾಕಿ ಅಂತ ಸರ್ಕಾರ ಬ್ಯಾಂಕುಗಳಿಗೆ ತಾಕೀತು ಮಾಡಿತು. ಸರಿ, ಮಚ್ಚಿನವನಿಗೆ ಎದುರಾಗಿ ಅರವತ್ತು ದಾಟಿದ ಅಜ್ಜನನ್ನು ಕುರ್ಚಿ ಹಾಕಿ ಕೂರಿಸಿದ್ದಾಯ್ತು. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳಿಗೆ 2005ರ ಕಾಯ್ದೆ ಇದೆ. ಕೇಂದ್ರದ ಮಾದರಿ ನಿಯಮದ ಪ್ರಕಾರ ಗಾರ್ಡ್‌ಗೆ 100 ಗಂಟೆ ಪಾಠ, 60 ಗಂಟೆ ಫೀಲ್ಡ್ ತರಬೇತಿ ಆಗಬೇಕು. ನಮ್ಮ ಅಜ್ಜನ ತರಬೇತಿ ಯೂನಿಫಾರಂ ಗುಂಡಿ ಹಾಕಿಕೊಳ್ಳೋಷ್ಟರಲ್ಲಿ ಮುಗಿದಿತ್ತು. (ಎರಡು ಗುಂಡಿ ಇರಲೂ ಇಲ್ಲ.)

ಇನ್ನು ಉಚ್ಚೆಗೆ ಎದ್ದು ಹೋಗೋದು. ಅದು ಡ್ಯೂಟಿ ಬಿಟ್ಟು ಹೋದ ಲೆಕ್ಕ.

ಕೆಲಸದ ಮೇಲೆ ಪೆಟ್ಟಾದರೆ ಮಾಲೀಕನೇ ಪರಿಹಾರ ಕೊಡಬೇಕು ಅಂತ 1923ರಲ್ಲೇ ಕಾಯ್ದೆ ಬಂತು. ಆಳು ಗುತ್ತಿಗೆದಾರನ ಕಡೆಯವನಾದರೂ ಕೆಲಸ ಮಾಡಿಸಿಕೊಂಡವನು ನುಣುಚಿಕೊಳ್ಳೋ ಹಾಗಿಲ್ಲ ಅಂತ ಬ್ರಿಟಿಷರ ಕಾಲದಲ್ಲೇ ಬರೆದಿಟ್ಟಿದ್ದರು. ಈಗ ಬ್ಯಾಂಕಿನವರನ್ನು ಕೇಳಿದರೆ ಏಜೆನ್ಸಿ ಕಡೆ ಕೈ ತೋರಿಸ್ತಾರೆ. ಏಜೆನ್ಸಿಯವರು 'ಅವ್ನು ರಿಲೀವರ್ ಸಾರ್, ಬರೀ ಬದಲಿ ಆಳು, ನಮ್ ಹಾಜರಿ ರೋಲ್‌ನಲ್ಲೇ ಇಲ್ಲ' ಅಂತಾರೆ. ರೋಲ್‌ನಲ್ಲಿ ಇಲ್ಲದವನ ಸಂಬಳ ಯಾವ ರೋಲ್‌ನಿಂದ ಕಟ್ ಆಗುತ್ತೋ, ಆ ಲೆಕ್ಕ ಮಾತ್ರ ಕೇಳಬಾರದು.

ಮೊನ್ನೆ ಕುಡುಕನೊಬ್ಬ ತಳ್ಳಿ ಅಜ್ಜ ಮೆಟ್ಟಿಲ ಮೇಲೆ ಬಿದ್ದ. ಹಣೆ ಒಡೀತು. ಆಟೋದವನು ಆಸ್ಪತ್ರೆಗೆ ಕರ್ಕೊಂಡು ಹೋಗಿ ಹೊಲಿಗೆ ಹಾಕಿಸಿ ವಾಪಸ್ ಬಿಟ್ಟ. ಸಂಬಳದ ಭಯಕ್ಕೆ ಅಜ್ಜ ಮೂರು ಗಂಟೆಗೆ ಸರಿಯಾಗಿ ತಲೆ ತುಂಬಾ ಬ್ಯಾಂಡೇಜ್ ಸಮೇತ ಸೆಲ್ಫಿ ಹಾಕಿದ. ಎರಡೇ ನಿಮಿಷಕ್ಕೆ ಗ್ರೂಪಿನಲ್ಲಿ ಉತ್ತರ ಬಂತು: 'ಕ್ಯಾಪ್ ಎಲ್ರೀ? ಫೈನ್ 100.'