ಮುಂಬೈನಿಂದ ತಂದ ವಾಚು

ಬೆಳಿಗ್ಗೆ ಎಂಟೂವರೆಯ ಮುಂಬೈ ಲೋಕಲ್‌ನಲ್ಲಿ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಕಾಣುವುದು ಕೈಗಳು. ಮೇಲಿನ ಹಿಡಿಕೆಗೆ ಜೋತುಬಿದ್ದ ಕೈಗಳು, ನೆಟ್ಟಗೆ ಕಣ್ಣಿನ ಎತ್ತರಕ್ಕೆ ವಾಚುಗಳು. ಡೊಂಬಿವಲಿಯಿಂದ ಸಿಎಸ್‌ಟಿಗೆ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಅಷ್ಟು ಹೊತ್ತು ಬೇರೆ ಏನು ನೋಡುವುದು? ಹೀಗೆ ನೋಡಿ ನೋಡಿಯೇ ನನಗೆ ವಾಚಿನ ಹುಚ್ಚು ಹಿಡಿಯಿತು. ಒಂದೇ ಡಬ್ಬಿಯಲ್ಲಿ ನಾಲ್ಕು ರೋಲೆಕ್ಸ್ ಎಣಿಸಿದ ದಿನವೂ ಇದೆ. ಅದೂ ಸೆಕೆಂಡ್ ಕ್ಲಾಸ್ ಡಬ್ಬಿಯಲ್ಲಿ.

ನಾಲ್ಕೂ ನಕಲಿ ಅಂತ ಕಟ್ಟಿಕೊಂಡವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಮುಂಬೈನಲ್ಲಿ ಇದಕ್ಕೆ ಮುಚ್ಚುಮರೆ ಇಲ್ಲ. ಕ್ರಾಫರ್ಡ್ ಮಾರ್ಕೆಟ್ ಸುತ್ತಮುತ್ತ ಮಾರುವವನೇ ಬಾಯಿಬಿಟ್ಟು 'ಫಸ್ಟ್ ಕಾಪಿ' ಅನ್ನುತ್ತಾನೆ. ಸ್ವಲ್ಪ ದುಬಾರಿಯಾದರೆ 'ಮಾಸ್ಟರ್ ಕಾಪಿ'. ಯಾರೂ ಯಾರಿಗೂ ಮೋಸ ಮಾಡುತ್ತಿಲ್ಲ, ಎಲ್ಲರೂ ಸೇರಿ ಒಂದು ನಾಟಕ ಆಡುತ್ತಿದ್ದಾರೆ ಅಷ್ಟೇ.

ಇದೇ ವಾಚು ಬೀದರ್‌ ರೈಲು ಹತ್ತಿದರೆ ಕತೆ ಬೇರೆ. ನಮ್ಮೂರಲ್ಲಿ ಫಸ್ಟ್ ಕಾಪಿ ಎಂಬ ಮಾತು ಗೊತ್ತಿಲ್ಲ ಅಂತಲ್ಲ, ಕಾಲೇಜು ಹುಡುಗರಿಗೆಲ್ಲ ಗೊತ್ತು. ಆದರೆ ಮುಂಬೈನಲ್ಲಿ ನೌಕರಿ ಮಾಡುವ ಮಗ ತಂದದ್ದು ಅಂದರೆ ಅದು ಅಸಲಿಯೇ. ಯಾರೂ ಕೇಳುವುದಿಲ್ಲ. ರಾತ್ರಿ ರೈಲು ಹತ್ತಿದಾಗ ಕಾಪಿ ಆಗಿದ್ದದ್ದು ಬೆಳಿಗ್ಗೆ ಬೀದರ್‌ನಲ್ಲಿ ಇಳಿಯುವಾಗ ಒರಿಜಿನಲ್ ಆಗಿರುತ್ತದೆ. ಆ ಸುಳ್ಳನ್ನು ಅಂಗಡಿಯವನು ಹೇಳುವುದಿಲ್ಲ. ತಂದವನ ಮುಖವೇ ಹೇಳುತ್ತದೆ.

ನನಗೆ ಇದು ಹೇಗೆ ಗೊತ್ತು ಅಂದರೆ, ಆ ಸುಳ್ಳು ಹೇಳಿದವನು ನಾನೇ.

ನಮ್ಮ ಕಡೆ ಮದುವೆಯಲ್ಲಿ ಅಳಿಯನಿಗೆ ವಾಚು ಉಂಗುರ ಕೊಡುವುದು ಹಳೆಯ ಪದ್ಧತಿ. ಅಪ್ಪನ ಕಾಲದಲ್ಲಿ ಅದು ಎಚ್‌ಎಂಟಿ. ಮದುವೆ ಫೋಟೊಗಳಲ್ಲಿ ವರ ಎಡಗೈಯನ್ನು ಸುಮ್ನೆ ಮುಂದೆ ಇಟ್ಟುಕೊಂಡಿರುತ್ತಿದ್ದ, ವಾಚು ಕಾಣಲಿ ಅಂತ. ತಂಗಿಯ ಮದುವೆ ಗೊತ್ತಾದಾಗ ವಾಚಿನ ಜವಾಬ್ದಾರಿ ನನಗೆ ಬಂತು. ಕೈಯಲ್ಲಿ ದುಡ್ಡಿರಲಿಲ್ಲ, ಜಂಭ ಇತ್ತು. 2,800 ರೂಪಾಯಿಗೆ ರೋಲೆಕ್ಸ್ ಡೇಟೋನಾ ತಂದೆ. ಅಸಲಿಗೆ ಹತ್ತು ಲಕ್ಷಕ್ಕೂ ಮೇಲೆ. ಹಸಿರು ಡಬ್ಬಿ, ಗ್ಯಾರಂಟಿ ಕಾರ್ಡು, ಎಲ್ಲ ಇತ್ತು. ಅಳಿಯಂದಿರು ಭಾಲ್ಕಿ ಕಡೆಯವರು. ಹತ್ತು ಲಕ್ಷದ ವಾಚು ಕಟ್ಟಿಕೊಂಡು ಟಂಟಂ ಆಟೊ ಹತ್ತುವುದು ವಿಚಿತ್ರ ಅಲ್ವಾ ಅಂತ ಆಗ ನನಗೆ ಹೊಳೆಯಲಿಲ್ಲ.

ಮದುವೆಯಾದ ವಾರದಲ್ಲಿ ಹೊಸ ಜೋಡಿ ಬೀದರ್‌ನ ಝರಣಿ ನರಸಿಂಹನ ದರ್ಶನಕ್ಕೆ ಹೋಯಿತು. ಆ ಗುಹೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸುಮಾರು 300 ಮೀಟರ್ ಸುರಂಗ, ಎದೆಮಟ್ಟದ ನೀರು. ಅದರಲ್ಲಿ ನಡೆದುಕೊಂಡೇ ದೇವರ ಹತ್ತಿರ ಹೋಗಬೇಕು. ವಾಚಿನ ಮೇಲೆ 100 ಮೀಟರ್ ನೀರಿನಲ್ಲಿ ನಡೆಯುತ್ತದೆ ಅಂತ ಬರೆದಿತ್ತು. ಪಾಪ, ನಂಬಿದರು. ಹೊರಗೆ ಬರುವಷ್ಟರಲ್ಲಿ ಗಾಜಿನೊಳಗೆ ಮಂಜು, ಮುಳ್ಳು ನಿಂತಿತ್ತು.

ಚೌಬಾರಾ ಹತ್ತಿರ ನಮ್ಮ ಮನೆಗೆ ಹಳೇ ಪರಿಚಯದ ಒಬ್ಬ ವಾಚ್ ರಿಪೇರಿ ಚಾಚಾ ಇದ್ದಾರೆ. ಚೌಬಾರಾ ಅಂದರೆ ಹಳೇ ಊರಿನ ನಡುವೆ ನಿಂತ ದುಂಡನೆಯ ಗೋಪುರ, ಮೇಲೆ ದೊಡ್ಡ ಗಡಿಯಾರ. ಅದರ ನೆರಳಲ್ಲೇ ಚಾಚಾ ಕೂತು ಸಣ್ಣ ಗಡಿಯಾರ ಬಿಚ್ಚುತ್ತಾರೆ. ನಾನೇ ಒಯ್ದು ಕೊಟ್ಟೆ. ಹಿಂದಿನ ಮುಚ್ಚಳ ತೆಗೆದರು, ಕಣ್ಣಿನ ಮಸೂರ ಹಾಕಿಕೊಳ್ಳಲೇ ಇಲ್ಲ.

"ಇದ್ರಾಗ ರಿಪೇರಿ ಮಾಡ್ಲಾಕ ಏನದ ಬೇಟಾ? ನೀನೇ ನೋಡು."

ನೋಡಿದೆ. ಅಷ್ಟು ಅಗಲದ ವಾಚಿನೊಳಗೆ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡ ಸೆಲ್ಲಿನ ಮಷಿನ್. ಸುತ್ತ ಖಾಲಿ ಜಾಗ ತುಂಬಲು ಬಿಳಿ ಪ್ಲಾಸ್ಟಿಕ್ ಬಳೆ. ಡಯಲ್ ಮೇಲಿನ ಮೂರು ಪುಟ್ಟ ಡಯಲ್‌ಗಳು ಬರೀ ಚಿತ್ರ. ಪಕ್ಕದ ಎರಡು ಗುಂಡಿ ಒಳಗೆ ಯಾವುದಕ್ಕೂ ತಾಗುವುದಿಲ್ಲ. ಇನ್ನೊಂದು ಸಂಗತಿ ಆಮೇಲೆ ಓದಿ ತಿಳಿದೆ. ಅಸಲಿ ಡೇಟೋನಾದಲ್ಲಿ ನಡುವಿನ ಉದ್ದ ಮುಳ್ಳು ಗುಂಡಿ ಒತ್ತಿದಾಗ ಮಾತ್ರ ಓಡುತ್ತದೆ, ಏಕೆಂದರೆ ಅದು ರೇಸಿನ ಹೊತ್ತು ಅಳೆಯುವ ಮುಳ್ಳು. ನಾನು ಕೊಟ್ಟದ್ದರಲ್ಲಿ ಹಗಲು ರಾತ್ರಿ ಓಡುತ್ತಿತ್ತು. ತಿಳಿದವನು ಯಾರೇ ನೋಡಿದ್ದರೂ ಹತ್ತು ಅಡಿ ದೂರದಿಂದ ನಕ್ಕಿರುತ್ತಿದ್ದ.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಾನು ಬೀದರ್‌ನವನು. ಬಿದ್ರಿ ಸಾಮಾನು, ಅಂದರೆ ಕರಿ ಲೋಹದಲ್ಲಿ ಬೆಳ್ಳಿ ಕೂರಿಸಿದ ನಮ್ಮೂರಿನ ಕೆಲಸ, ಕೊಳ್ಳುವಾಗ ನಾವು ಎಷ್ಟು ತಿರುವಿ ನೋಡುತ್ತೇವೆ! ಕೈಯಲ್ಲಿ ತೂಗಿ ನೋಡುತ್ತೇವೆ, ಸತು ಜಾಸ್ತಿ ಇರುವ ಲೋಹ ಭಾರ ಇರಬೇಕು. ಬೆಳ್ಳಿ ತಂತಿ ಗೀರಿನೊಳಗೆ ಕೂತಿದೆಯೋ, ಮೇಲೆ ಬಣ್ಣ ಬಳಿದಿದ್ದಾರೋ ಅಂತ ಉಗುರಿನಿಂದ ಸವರುತ್ತೇವೆ. ಆ ಕಪ್ಪು ಬಣ್ಣ ಡಬ್ಬಿಯಲ್ಲಿ ಸಿಗುವಂಥದ್ದಲ್ಲ. ಕೋಟೆಯ ಹಳೇ ಮಣ್ಣನ್ನು ನವಸಾಗರ ಎಂಬ ಉಪ್ಪಿನ ಜೊತೆ ನೀರಲ್ಲಿ ಕಲಸಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬೇರೆ ಊರಿನ ಎಂಪೋರಿಯಂನಲ್ಲಿ ಯಾರಾದರೂ ಕರಿ ಬಣ್ಣದ ಹೂದಾನಿ ತೋರಿಸಿ ಬಿದ್ರಿ ಅಂದರೆ ನನಗೆ ಸಿಟ್ಟು ಬರುತ್ತದೆ. ಅದೇ ನಾನು, ವಾಚಿನ ವಿಷಯ ಬಂದಾಗ ಮುಖ ಮಾತ್ರ ನೋಡಿ ಜೇಬಿಗೆ ಇಳಿಸಿದ್ದೆ.

ಈಗಿನ ದುಬಾರಿ ನಕಲುಗಳದ್ದು ಬೇರೆ ಜಾತಿ, ಒಪ್ಪುತ್ತೇನೆ. ಮುಂಚೆ ಸೆಕೆಂಡ್ ಮುಳ್ಳು ನೋಡಿದರೆ ಸಾಕಿತ್ತು. ಈಗಿನ ಬಹುತೇಕ ಅಸಲಿ ರೋಲೆಕ್ಸ್‌ಗಳ ಮುಳ್ಳು ಸೆಕೆಂಡಿಗೆ ಎಂಟು ಪುಟ್ಟ ಹೆಜ್ಜೆ ಇಡುತ್ತದೆ, ಅದಕ್ಕೇ ಜಾರಿದ ಹಾಗೆ ಕಾಣುತ್ತದೆ. ಸೆಲ್ಲಿನ ನಕಲಿ ಸೆಕೆಂಡಿಗೊಮ್ಮೆ ಟಕ್ ಅಂತ ಜಿಗಿಯುತ್ತಿತ್ತು. ಈಗ ನಕಲಿಯೂ ಎಂಟು ಹೆಜ್ಜೆ ಕಲಿತಿದೆ. ಹತ್ತಾರು ಸಾವಿರ ಕೊಟ್ಟು ಅದನ್ನು ಕೊಳ್ಳುವವರು ನನ್ನ ಆಫೀಸಿನಲ್ಲೇ ಇದ್ದಾರೆ. ಅವರ ವಾದ ಇಷ್ಟೇ: ಯಾರಿಗೂ ಗೊತ್ತಾಗುವುದಿಲ್ಲ. ಇರಬಹುದು. ಆದರೆ ನಾಲ್ಕು ವರ್ಷಕ್ಕೆ ಎಣ್ಣೆ ಒಣಗಿದಾಗ ಯಾರ ಹತ್ತಿರ ಒಯ್ಯುತ್ತೀರಿ? ಕಂಪನಿ ಸರ್ವಿಸ್ ಸೆಂಟರ್ ಮುಟ್ಟುವುದಿಲ್ಲ. ಬಿಡಿ ಭಾಗಗಳಿಗೆ ಗೊತ್ತು ಗುರಿ ಇಲ್ಲ. ಅದೇ ದುಡ್ಡಿಗೆ ಕೈ ಅಲುಗಿದರೆ ತಾನೇ ಚಾವಿ ತುಂಬಿಕೊಳ್ಳುವ ಒಳ್ಳೆಯ ಅಸಲಿ ಆಟೊಮ್ಯಾಟಿಕ್ ವಾಚು ಎರಡು ಬರುತ್ತಿದ್ದವು.

ಕಾಯ್ದೆಯ ಮಾತು ಬೇಗ ಮುಗಿಸುತ್ತೇನೆ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಸುಳ್ಳು ಹೆಸರಿನ ಮಾಲು ಮಾರಿದವನಿಗೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಎರಡು ಲಕ್ಷ ದಂಡ ಇದೆ. ಇದ್ದೂ ಫುಟ್‌ಪಾತ್ ಮೇಲೆ ಕೊಡೆ ಹಾಕಿಕೊಂಡು ಮಾರುತ್ತಾರೆ.

ಹಾಗಂತ ನೋಡಿ ಮಾಡಿದ್ದೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮೂರಿನ ಮಹಮೂದ್ ಗವಾನ್ ಮದರಸಾ ನೋಡಿ. 1472ರಲ್ಲಿ ಕಟ್ಟಿದ್ದು, ನೀಲಿ ಹೆಂಚು, ಎತ್ತರದ ಮಿನಾರು, ಎಲ್ಲ ಮಧ್ಯ ಏಷ್ಯಾದ ಕಟ್ಟಡಗಳ ಮಾದರಿ. ಆದರೆ ಅದು ತನ್ನನ್ನು ಸಮರ್‌ಕಂದ್ ಅಂತ ಕರೆದುಕೊಳ್ಳಲಿಲ್ಲ. ಎಚ್‌ಎಂಟಿ ವಾಚೂ ಹಾಗೇ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಮಷಿನ್ ವಿದ್ಯೆ ಜಪಾನಿನ ಸಿಟಿಜನ್‌ ಕಂಪನಿಯದು. ಕೇಳಿ, ಒಪ್ಪಂದ ಮಾಡಿಕೊಂಡು, ಕಲಿತು, ಡಯಲ್ ಮೇಲೆ ತಮ್ಮ ಹೆಸರು ಹಾಕಿದರು. ಈಗಲೂ ಎಷ್ಟೋ ಸಣ್ಣ ಕಂಪನಿಗಳು ಹೆಸರಾಂತ ವಾಚಿನ ರೂಪ ತೆಗೆದುಕೊಂಡು, ಒಳಗೆ ಜಪಾನಿ ಮಷಿನ್ ಕೂರಿಸಿ, ತಮ್ಮದೇ ಹೆಸರಲ್ಲಿ ಮಾರುತ್ತವೆ. ರುಚಿಯ ಪ್ರಶ್ನೆ ಇರಬಹುದು, ಸುಳ್ಳಂತೂ ಅಲ್ಲ. ನನ್ನ ತಕರಾರು ಏನಿದ್ದರೂ ಹೆಸರಿನದ್ದು.

ಎಚ್‌ಎಂಟಿ ಅಂದ ಮೇಲೆ ಒಂದು ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ಇಲ್ಲಿ ಎರಡನೇ ಸಲ ಪೆಟ್ಟು ತಿಂದೆ. ಕಂಪನಿಯ ವಾಚ್ ವಿಭಾಗ ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿತು. ಆಮೇಲೆ ಹಳೇ ವಾಚಿಗೆ ಬೇಡಿಕೆ. ಮುಂಬೈನ ಚೋರ್ ಬಜಾರ್‌ನಲ್ಲಿ, ಮಟನ್ ಸ್ಟ್ರೀಟ್ ಎಂಬ ಹೆಸರಿನ ಗಲ್ಲಿಯಲ್ಲಿ, ನನಗೆ ಕಿತ್ತಳೆ ಬಣ್ಣದ ಡಯಲ್ಲಿನ ಎಚ್‌ಎಂಟಿ ಪೈಲಟ್ ಸಿಕ್ಕಿತು. ವಾಯುಪಡೆಯ ಹುಡುಗರು ವಿಮಾನ ಕಲಿಯುವ ಊರಿನಲ್ಲಿ ಬೆಳೆದವನಿಗೆ ಪೈಲಟ್ ಎಂಬ ಹೆಸರೇ ಸಾಕು. ಖುಷಿಯಿಂದ ಕೊಂಡೆ. ಚಾಚಾ ಬಿಚ್ಚಿ ನೋಡಿ, "ಮಷಿನ್ ಅಸಲಿ ಅದ, ಮುಖ ನಕಲಿ ಅದ" ಅಂದರು. ಪೈಲಟ್ ಅಂದರೆ ಸಾಮಾನ್ಯವಾಗಿ ಕರಿ ಡಯಲ್. ಹಾಳಾದ ಹಳೇ ಡಯಲ್ ತೆಗೆದು, ಕಣ್ಣು ಕುಕ್ಕುವ ಬಣ್ಣದಲ್ಲಿ ಹೊಸದಾಗಿ ಅಚ್ಚು ಹಾಕಿ ಕೂರಿಸಿದ್ದರು. ಅಕ್ಷರಗಳು ದಪ್ಪ, ಅಂಚು ಹರಡಿಕೊಂಡಿತ್ತು. ಸಂಗ್ರಹ ಮಾಡುವವರು ಇಂಥದ್ದಕ್ಕೆ 'ಮುಂಬೈ ಸ್ಪೆಷಲ್' ಅಂತಲೇ ಹೆಸರಿಟ್ಟಿದ್ದಾರೆ. ಅಲ್ಲಿ ಹತ್ತು ವರ್ಷದ ಮೇಲಿದ್ದವನಿಗೆ ಸ್ವಲ್ಪ ಚುಚ್ಚುತ್ತದೆ.

ಆದರೂ ಆ ಪೈಲಟ್ ಈಗಲೂ ನನ್ನ ಹತ್ತಿರ ಇದೆ. ಬೆಳಿಗ್ಗೆ ಚಾವಿ ಕೊಟ್ಟರೆ ಮರುದಿನದವರೆಗೆ ನಡೆಯುತ್ತದೆ. ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿದುಕೊಳ್ಳುತ್ತದೆ, ಕಿವಿಗೆ ಹಿಡಿದರೆ ಗೊತ್ತಾಗುತ್ತದೆ. ಕೆಟ್ಟರೆ ಚಾಚಾ ಹತ್ತಿರ ಒಂದು ಬಿಸ್ಕೆಟ್ ಡಬ್ಬಿ ಇದೆ. ಅದರ ತುಂಬ ಸತ್ತ ಎಚ್‌ಎಂಟಿಗಳು. ಒಂದರ ಗಾಲಿ, ಇನ್ನೊಂದರ ಸ್ಪ್ರಿಂಗ್. ಡೇಟೋನಾ ನೋಡಿ ಮಸೂರ ಹಾಕಿಕೊಳ್ಳದ ಮನುಷ್ಯ ಇದಕ್ಕೆ ಅರ್ಧ ಗಂಟೆ ಬಗ್ಗಿ ಕೂತಿದ್ದರು.

ಹಾಗಾಗಿ ಹೊಸದಾಗಿ ವಾಚು ಕೂಡಿಡಲು ಶುರು ಮಾಡುವವರು ನನ್ನನ್ನು ಕೇಳಿದರೆ ನಾನು ಹೇಳುವುದು, ಮೊದಲು ವಾಚು ಹುಡುಕಬೇಡಿ, ಬಿಚ್ಚುವವರನ್ನು ಹುಡುಕಿ. ಮುಂಬೈನಲ್ಲಿ ನನಗೆ ವಾಚು ಮಾರುವವರು ನೂರು ಜನ ಗೊತ್ತು, ರಿಪೇರಿಗೆ ಮಾತ್ರ ಬೀದರ್‌ಗೇ ಬರುತ್ತೇನೆ. ಇದು ಸ್ವಲ್ಪ ಊರಿನ ಮೇಲಿನ ಪ್ರೀತಿ ಇರಬಹುದು. ಆಮೇಲೆ, ದುಡ್ಡು ಕಡಿಮೆ ಇದ್ದರೆ ಕಡಿಮೆ ಬೆಲೆಯ ಅಸಲಿಯೇ ತಗೊಳ್ಳಿ. 1989ರಿಂದ ಬರುತ್ತಿರುವ ಕ್ಯಾಸಿಯೊ ಎಫ್-91ಡಬ್ಲ್ಯೂ ಈಗಲೂ ಸಾವಿರ ಚಿಲ್ಲರೆಗೆ ಸಿಗುತ್ತದೆ. ತಮಾಷೆ ಅಂದರೆ ಅಷ್ಟು ಅಗ್ಗದ ವಾಚಿಗೂ ನಕಲಿ ಇದೆ! ಪತ್ತೆ ಮಾಡುವುದು ಸುಲಭ. ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಅಸಲಿಯಾದರೆ ಪರದೆಯ ಮೇಲೆ ಕ್ಯಾಸಿಯೊ ಅಂತ ಹೆಸರು ಬರುತ್ತದೆ. ಎರಡನೆಯದು ಚಾವಿ ಕೊಡುವ ಎಚ್‌ಎಂಟಿ ಜನತಾ ಆಗಲಿ, ಡಯಲ್ ಮಾಸಿದ್ದರೂ ಪರವಾಗಿಲ್ಲ, ಮಾಸಿದ್ದೇ ಒಳ್ಳೇದು. ಹೊಳೆಯುವ ಹಳೇ ವಾಚನ್ನು ನಂಬಬೇಡಿ. ಮೂರನೆಯದಕ್ಕೆ ವರ್ಷ ಕಾಯಿರಿ. ಟೈಟನ್ ಆಟೊಮ್ಯಾಟಿಕ್ ಇದೆ, ಸೀಕೊ 5 ಇದೆ. ಅಷ್ಟರಲ್ಲಿ ನಿಮಗೇ ಗೊತ್ತಾಗಿರುತ್ತದೆ.

ಇನ್ನು ಅಳಿಯಂದಿರ ಕತೆ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹೋದ ದಸರೆಗೆ ಊರಿಗೆ ಹೋದಾಗ ತಡೆಯಲಾಗದೆ ಹೇಳಿಬಿಟ್ಟೆ. ಅವರು ಚಹಾ ಕುಡಿಯುತ್ತಿದ್ದರು. ಕೈಯಲ್ಲಿ ಅದೇ ಡೇಟೋನಾ. ಚಾಚಾ ಬೇರೆ ಸೆಲ್ಲಿನ ಮಷಿನ್ ಹಾಕಿ ಹೇಗೋ ನಡೆಸಿದ್ದರು.

"ಮೊದಲೇ ಗೊತ್ತಿತ್ತು ಬಿಡ್ರಿ ಅಣ್ಣಾರ," ಅಂದರು. "ಲಗ್ನದ ದಿನಾನೇ ನಮ್ಮ ದೋಸ್ತ ಒಬ್ಬ ಹೇಳಿದ್ದ."

"ಮತ್ಯಾಕ ಹಾಕ್ಕೊಂಡೀರಿ?"

"ಛಲೋ ಕಾಣ್ತದಲ್ರಿ. ಮದುವಿ ಮುಂಜಿಗೆ ಹೋದ್ರ ಎಲ್ಲಾರೂ ಕೈ ನೋಡ್ತಾರ." ಚಹಾದ ಕಪ್ ಕೆಳಗಿಟ್ಟು, ಸ್ವಲ್ಪ ಮೆಲ್ಲಗೆ, "ಬರೋ ಸಲ ಬರುವಾಗ ಇನ್ನೊಂದು ತರ್ರಿ. ನಮ್ಮ ತಮ್ಮಗ ಬೇಕಂತ."

ತರಲಿಲ್ಲ. ಕ್ಯಾಸಿಯೊ ಒಯ್ದು ಕೊಟ್ಟೆ. ತಮ್ಮ ಅದನ್ನು ಒಂದು ದಿನವೂ ಕಟ್ಟಲಿಲ್ಲವಂತೆ. ಈಗ ಅದು ಅವರ ಅಕ್ಕನ ಮಗನ ಕೈಯಲ್ಲಿದೆ, ಏಳನೇ ಕ್ಲಾಸಿನ ಹುಡುಗ. ಭಾಲ್ಕಿಯಲ್ಲಿ ಯಾರ ಕೈಯಲ್ಲಿ ಅಂಥ ವಾಚು ಕಂಡರೂ ಹಿಡಿದು, ಬಲಗಡೆ ಗುಂಡಿ ಒತ್ತಿ, ಮೂರು ಎಣಿಸುತ್ತಾನಂತೆ.