ತಿಥಿ ಗೊತ್ತಿಲ್ಲದವರು ರಾಕ್ ಕೇಳಬಾರದು

"ಎಲ್ಲಿ, ಅವರ ಮೂರು ಹಾಡು ಹೇಳಿ ನೋಡೋಣ!"

ಮೊನ್ನೆ ಶುಕ್ರವಾರ ಆಫೀಸಿನ ಪ್ಯಾಂಟ್ರಿಯಲ್ಲಿ ಊಟದ ಡಬ್ಬಿ ಬಿಸಿಗಿಟ್ಟು ನಿಂತಿದ್ದಾಗ ಬಂದ ಪ್ರಶ್ನೆ ಇದು. ಕೇಳಿದವರು ನಮ್ಮ ಆಫೀಸಿನ ಸರ್ ಒಬ್ಬರು. ಕಾರಣ, ನಾನು ಹಾಕಿದ್ದ ಐರನ್ ಮೇಡನ್ ಅನ್ನುವ ಬ್ರಿಟಿಷ್ ರಾಕ್ ಬ್ಯಾಂಡಿನ ಟೀ ಶರ್ಟ್. ಹಳೇದು. ಒಗೆದು ಒಗೆದು ಅದರ ಮೇಲಿನ ಎಡ್ಡಿಯ, ಅಂದರೆ ಆ ಬ್ಯಾಂಡಿನ ಗುರುತಾದ ಪಿಶಾಚಿಯ, ಮುಖ ಅರ್ಧ ಉದುರಿದೆ. ಒಂದು ಕಣ್ಣು, ನಾಲ್ಕು ಹಲ್ಲು ಮಾತ್ರ ಉಳಿದಿವೆ. ಅಮ್ಮ ಇದನ್ನು ಯಾವಾಗಲೂ ಒಳಮೈ ಹೊರಗೆ ಮಾಡಿಯೇ ತಂತಿ ಮೇಲೆ ಹಾಕುತ್ತಾಳೆ. ಎದುರು ಮನೆಯಲ್ಲಿ ಪುಟ್ಟ ಮಗು ಇದೆ, ಹೆದರಿಕೊಂಡರೆ ಕಷ್ಟ ಅಂತ.

ಕೊಹ್ಲಿ ಜೆರ್ಸಿ ಹಾಕಿದವರನ್ನು ನಿಲ್ಲಿಸಿ ಬ್ಯಾಟಿಂಗ್ ಸರಾಸರಿ ಎಷ್ಟು ಅಂತ ಯಾರೂ ಕೇಳಲ್ಲ. ಪಂಚೆ ಉಟ್ಟವರಿಗೆ ಸಂಧ್ಯಾವಂದನೆ ಒಪ್ಪಿಸಿ ಅನ್ನಲ್ಲ. ಅಷ್ಟೇ ಯಾಕೆ, ಪಕ್ಕದಲ್ಲೇ ಟೆಸ್ಟಿಂಗ್ ಟೀಮಿನ ಹುಡುಗ ನಿರ್ವಾಣ ಬ್ಯಾಂಡಿನ ಟೀ ಶರ್ಟ್ ಹಾಕಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದ. ಅವನಿಗೆ ಪರೀಕ್ಷೆ ಇಲ್ಲ. ಹೆಂಗಸು ಕಪ್ಪು ಟೀ ಶರ್ಟ್ ಹಾಕಿದರೆ ಅದು ತಮ್ಮನದೋ ಗಂಡನದೋ ಆಗಿರಬೇಕು, ಅಲ್ವಾ?

ಮೂರು ಹಾಡು ಹೇಳಿದೆ. ಅಲ್ಲಿಗೆ ಮುಗಿಯುತ್ತದೆ ಅಂದುಕೊಳ್ಳಬೇಡಿ. ಅದು ಬರೀ ಪ್ರಿಲಿಮ್ಸ್.

"ಇದೆಲ್ಲಾ ಬ್ರೂಸ್ ಬಂದ ಮೇಲಿನದು ಮೇಡಂ. ನಿಜವಾದ ಮೇಡನ್ 1981ಕ್ಕೇ ಮುಗೀತು" ಎಂದು ಸರ್ ನಿಟ್ಟುಸಿರು ಬಿಟ್ಟರು. ಬ್ರೂಸ್ ಡಿಕಿನ್ಸನ್ ಹಾಡಿದ ಮೊದಲ ಆಲ್ಬಂ ಬಂದದ್ದೇ 1982ರಲ್ಲಿ. ಲೋಕವೆಲ್ಲ ಆ ಬ್ಯಾಂಡನ್ನು ತಲೆ ಮೇಲೆ ಹೊತ್ತುಕೊಂಡದ್ದು ಅಲ್ಲಿಂದಲೇ. ಸರ್‌ಗೆ ಅದು ಅಪರಕರ್ಮ.

ಇವರ ಹತ್ತಿರ ಪ್ರತಿ ಬ್ಯಾಂಡಿಗೂ ಒಂದು ತಿಥಿ ಇದೆ. ಒಂಟಿಕೊಪ್ಪಲ್ ಪಂಚಾಂಗದಲ್ಲಾದರೂ ತಪ್ಪು ಸಿಗಬಹುದು, ಇವರದರಲ್ಲಿ ಸಿಗಲ್ಲ. ಪಿಂಕ್ ಫ್ಲಾಯ್ಡ್? ಗಾಯಕ ಸಿಡ್ ಬ್ಯಾರೆಟ್ ಹೊರಗೆ ಹೋದ 1968ಕ್ಕೇ ತೀರಿಕೊಂಡಿತು. ಅವರ ಜಗತ್ಪ್ರಸಿದ್ಧ ಆಲ್ಬಂ ಬಂದದ್ದು 1973ರಲ್ಲಿ ಅಲ್ವಾ ಸರ್ ಅಂದರೆ, ವೈಕುಂಠ ಸಮಾರಾಧನೆಯಲ್ಲಿ ಇನ್ನೊಂದು ಹೋಳಿಗೆ ಕೇಳಿದವರನ್ನು ನೋಡುವ ಹಾಗೆ ನೋಡುತ್ತಾರೆ. ಜೆನೆಸಿಸ್? ಗಾಯಕ ಪೀಟರ್ ಗೇಬ್ರಿಯಲ್ ಬಿಟ್ಟ 1975. ಬ್ಲ್ಯಾಕ್ ಸಬ್ಬಾತ್? ಗಾಯಕ ಆಜಿ ಆಸ್ಬರ್ನ್‌ನನ್ನು ಹೊರಗೆ ಹಾಕಿದ 1979. ಮೆಟಾಲಿಕಾ? ಸ್ವೀಡನ್ನಿನಲ್ಲಿ ಬಸ್ ಮಗುಚಿ ಬಾಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ಹೋದ 1986. ಎಸಿ/ಡಿಸಿ ಕತೆ ಇನ್ನೂ ಮಜಾ. ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ಹೋದ. ಐದೇ ತಿಂಗಳಲ್ಲಿ ಹೊಸ ಗಾಯಕನ ಜೊತೆ ಅವರು ಮಾಡಿದ ಆಲ್ಬಂ ಕೋಟಿಗಟ್ಟಲೆ ಮಾರಾಟವಾಯಿತು. "ವರ್ಷಾಬ್ದಿಕವಾದರೂ ಮುಗಿಯಲಿ ಅನ್ನೋದು ಬೇಡವಾ?" ಅಂತ ಸರ್‌ಗೆ ಇವತ್ತಿಗೂ ಸಿಟ್ಟು.

ಇದು ಇವರೊಬ್ಬರ ಕಾಯಿಲೆ ಅಲ್ಲ ಬಿಡಿ. 1966ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಜಾನಪದ ಗಾಯಕ ಎನಿಸಿಕೊಂಡಿದ್ದ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದ ಅಂತ ಸಭಿಕನೊಬ್ಬ "ಜೂಡಾಸ್!", ಅಂದರೆ ದ್ರೋಹಿ, ಎಂದು ಕೂಗಿದ್ದ. ಸರ್ ಆಗಿನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಪಕ್ಕದ ಸೀಟಿನಲ್ಲೇ ಇರುತ್ತಿದ್ದರು. ನಮ್ಮಲ್ಲೂ ರಾಮನವಮಿ ಕಚೇರಿಗೆ ಹೋಗಿ ನೋಡಿ. ಆಲಾಪನೆ ಶುರುವಾಗುವ ಮೊದಲೇ ರಾಗದ ಹೆಸರು ಹೇಳಿಬಿಡುವ ಮಾಮ ಒಬ್ಬರು ಇದ್ದೇ ಇರುತ್ತಾರೆ. ಕಚೇರಿ ಮುಗಿದ ಮೇಲೆ "ಇದನ್ನ ಚೆಂಬೈ ಹಾಡಿದ್ದು ಕೇಳಬೇಕಿತ್ತು" ಅನ್ನುವವರೂ ಅವರೇ. ಅವರು ಹಾಕುವುದು ಜುಬ್ಬಾ, ಇವರದು ಕಪ್ಪು ಟೀ ಶರ್ಟ್. ಅಷ್ಟೇ.

ಇತ್ತ ಮನೆಯಲ್ಲಿ ಇನ್ನೊಂದು ಕಷ್ಟ. ಆಫೀಸಿನಲ್ಲಿ ನಾನು ಸಾಲದು, ಮನೆಯಲ್ಲಿ ಜಾಸ್ತಿ. ರಾಕ್ ಕೇಳುವವರೆಲ್ಲ ಗಾಂಜಾ ಗಿರಾಕಿಗಳು ಅನ್ನುವುದು ನಮ್ಮ ಅತ್ತೆಯಂದಿರ ದೃಢವಾದ ನಂಬಿಕೆ. ನಾನು ಕಂಡ, ತಾಳಕ್ಕೆ ತಲೆ ಬೀಸುವ ಹೆಡ್‌ಬ್ಯಾಂಗಿಂಗ್ ಗಿರಾಕಿಗಳೆಲ್ಲ ಇಎಂಐ ಕಟ್ಟುವ ಇಂಜಿನಿಯರುಗಳು. ಬೀಸಲು ಈಗ ತಲೆಯಲ್ಲಿ ಕೂದಲೂ ಇಲ್ಲ, ಕತ್ತಿಗೆ ಫಿಸಿಯೋಥೆರಪಿ ಬೇರೆ. ಅಮ್ಮನಿಗೆ ಒಮ್ಮೆ ಕ್ವೀನ್ ಬ್ಯಾಂಡಿನ ಬ್ರಿಯಾನ್ ಮೇ ಫೋಟೋ ತೋರಿಸಿ, ಇವರು 2007ರಲ್ಲಿ ಖಗೋಳ ವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿದ್ದಾರೆ ಅಂದೆ. ಅಮ್ಮ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದಳು. "ಪಿಎಚ್.ಡಿ. ಆಗಿದೆಯಾ? ಹಾಗಾದ್ರೆ ಬಾರಿಸ್ಲಿ ಬಿಡು" ಅಂದಳು. ಆ ಕೂದಲಿಗೂ ಮಾಫಿ ಸಿಕ್ಕಿತು.

ನನಗೆ ನಿಜಕ್ಕೂ ಕೋಪ ಬಂದದ್ದು ಮಾತ್ರ ಇಂಟರ್ನ್ ಹುಡುಗಿಯ ವಿಷಯದಲ್ಲಿ. ಮೆಟಾಲಿಕಾದ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಹಾಡು 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಸರಣಿಯಲ್ಲಿ ಬಂದು ಮತ್ತೆ ಹಿಟ್ ಆಯ್ತಲ್ಲ, ಇವಳಿಗೆ ಹುಚ್ಚು ಹಿಡಿದದ್ದು ಅಲ್ಲಿಂದ. ಖುಷಿಯಿಂದ ಹೇಳಿಕೊಂಡಳು. "ಓಹೋ, ಸೀರಿಯಲ್ ನೋಡಿ ಬಂದವರು!" ಎಂದರು ಸರ್. ಪ್ಯಾಂಟ್ರಿಯೆಲ್ಲ ನಕ್ಕಿತು. ಆ ಹುಡುಗಿ ಸುಮ್ನೆ ಚಮಚ ತೊಳೆಯುತ್ತಾ ನಿಂತಳು. ತೊಳೆದದ್ದನ್ನೇ ತೊಳೆದಳು. ಆಗ ಬಂದ ಹೊಸ ಮಕ್ಕಳನ್ನು ಮೆಟಾಲಿಕಾದವರೇ ಬನ್ನಿ ಬನ್ನಿ ಅಂತ ಕರೆದಿದ್ದರು. ಯಜಮಾನರು ಬಾಗಿಲು ತೆಗೆದಿದ್ದಾರೆ, ವಾಚ್‌ಮನ್ ಬಿಡುತ್ತಿಲ್ಲ.

2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ನಾನು ಅಲ್ಲಿದ್ದೆ. ಎಲ್ಲೆಲ್ಲಿಂದಲೋ ರಾತ್ರಿಯ ರೈಲು ಹತ್ತಿ ಬಂದವರು, ಧೂಳು, ಸೆಕೆ, ಸುತ್ತ ಕಪ್ಪೋ ಕಪ್ಪು. 'ಫಿಯರ್ ಆಫ್ ದ ಡಾರ್ಕ್' ಶುರುವಾದಾಗ ಇಡೀ ಮೈದಾನ ಗಿಟಾರಿನ ಜೊತೆ "ಓ... ಓ..." ಎಂದು ಹಾಡಿತು. ಅದಕ್ಕೆ ಮಾತು ಗೊತ್ತಿರಬೇಕಾಗಿಲ್ಲ, ಗಂಟಲಿದ್ದರೆ ಸಾಕು. ಪಕ್ಕದಲ್ಲಿದ್ದ ಯಾರೋ ಹುಡುಗ ನನಗೆ ನೀರಿನ ಬಾಟಲಿ ಕೊಟ್ಟ. ಎಷ್ಟನೇ ಆಲ್ಬಮಿನಿಂದ ಕೇಳ್ತಿದ್ದೀರಿ ಅಂತ ಕೇಳಲಿಲ್ಲ. ಇದನ್ನು ಸರ್‌ಗೆ ನಾನು ಹೇಳಿಲ್ಲ. ಹೇಳಿದರೆ ಯಾವ ಟಿಕೆಟ್, ಯಾವ ಗೇಟ್ ಅಂತ ಶುರು ಮಾಡುತ್ತಾರೆ.

ಈ ವಾರ ನಮ್ಮ ಫ್ಲೋರಿಗೆ ಹೊಸ ಹುಡುಗನೊಬ್ಬ ಬಂದಿದ್ದಾನೆ. ರಾಕಿನಲ್ಲೇ ಅತಿ ಉಗ್ರವಾದ ನಾರ್ವೆಯ ಬ್ಲ್ಯಾಕ್ ಮೆಟಲ್ ಅಲ್ಲದೆ ಬೇರೆ ಕೇಳುವುದಿಲ್ಲ. ಲೋಗೋ ಓದಲು ಬಂದರೆ ಆ ಬ್ಯಾಂಡೇ ಸರಿಯಿಲ್ಲ ಅನ್ನುವ ಪಂಥ. ನಿನ್ನೆ ಮಧ್ಯಾಹ್ನ ಅವನೂ ಸರ್ರೂ ಒಂದೇ ಟೇಬಲ್ಲಿನಲ್ಲಿ ಊಟಕ್ಕೆ ಕೂತರು. ಸ್ವಲ್ಪ ಹೊತ್ತಿಗೆ ಸರ್ ತಟ್ಟೆ ಹಿಡಿದು ನನ್ನ ಕಡೆಗೇ ಬಂದರು. ಮುಖ ಸಪ್ಪಗಾಗಿತ್ತು.

"ಏನಾಯ್ತು ಸರ್?"

"ಮೆಟಾಲಿಕಾ ಅಂದ್ರೆ ಪಾಪ್ ಅಂತೆ ಮೇಡಂ ಅವನಿಗೆ!"

ಸ್ವಲ್ಪ ಸಾರು ಬಡಿಸಿದೆ. "ಅವನ ಲೆಕ್ಕದಲ್ಲಿ ಮೆಟಾಲಿಕಾ ತೀರಿಕೊಂಡಿದ್ದು ಯಾವಾಗಂತೆ?"

"ಹುಟ್ಟೇ ಇರಲಿಲ್ವಂತೆ" ಎಂದರು ಸರ್.